ನಸರಿಯ ಹೊಸ್ತಿಲು

ನೆಟ್‌ಹೌಸಿನ ಒಳಗೆ ಗಾಳಿ ಆಡುವುದಿಲ್ಲ. ಹೊರಗೆ ಕಬ್ಬಿನ ಗರಿಗಳು ಸುಯ್ಯೆಂದು ಒಲೆದಾಡುತ್ತಿದ್ದರೂ ಒಳಗೆ ಮೆಣಸಿನ ಗಿಡದ ಒಂದು ಎಲೆ ಅಲುಗುವುದಿಲ್ಲ. ನುಸಿ ಬಂದು ಎಲೆ ಮುಟುರಿಕೊಳ್ಳಬಾರದೆಂದು ಸಣ್ಣ ಕಣ್ಣಿನ ಬಲೆ ಕಟ್ಟಿರುತ್ತೇವೆ. ನುಸಿಯನ್ನು ತಡೆಯುವ ಬಲೆ ಗಾಳಿಯನ್ನೂ ತಡೆಯುತ್ತದೆ, ಹೂವಿಗೆ ಬರುವ ಹುಳುವನ್ನೂ ತಡೆಯುತ್ತದೆ. ಮೆಣಸಿನ ಹೂವಿಗೆ ಬೇರೆ ಗಿಡದ ಪರಾಗವೇ ಬೇಕೆಂದೇನಿಲ್ಲ. ತನ್ನ ಪರಾಗ ತನ್ನ ಮೇಲೇ ಉದುರಿದರೂ ಸಾಕು, ಕಾಯಿ ಕಟ್ಟುತ್ತದೆ. ಆದರೆ ಉದುರಬೇಕಾದರೆ ಯಾರಾದರೂ ಅಲುಗಿಸಬೇಕಲ್ಲ.

ಅಲುಗಿಸುವುದಕ್ಕೆ ಅಕ್ಕ ಇದ್ದಳು. ತೋಟದ ಕೂಲಿಯಾಳು, ವಯಸ್ಸಿನಲ್ಲಿ ಹಿರಿಯಳೆಂದು ನಾನು ಅಕ್ಕ ಎನ್ನುತ್ತಿದ್ದೆ. ಭಾರತೀನಗರದ ಹತ್ತಿರದ ಆ ತೋಟಕ್ಕೆ ನಾನು ಬೆಳೆ ನೋಡಿಕೊಳ್ಳುವ ಕೆಲಸಕ್ಕೆ ಸೇರುವ ಮೊದಲಿನಿಂದಲೂ ಅವಳದು ಅದೇ ಕೆಲಸ. ಬೆಳಿಗ್ಗೆ ಇಬ್ಬನಿ ಆರಿ, ಹೂವಿನೊಳಗೆ ಪರಾಗದ ಚೀಲ ಬಿರಿಯುವ ಹೊತ್ತಿಗೆ ಕೈಯಲ್ಲೊಂದು ಹುಣಸೆ ಕಡ್ಡಿ ಹಿಡಿದು ಸಾಲಿನ ಈ ತುದಿಯಿಂದ ಆ ತುದಿಗೆ ನಡೆಯುವಳು. ಗಿಡಗಳನ್ನು ಮೇಲಿನ ತಂತಿಗೆ ದಾರದಿಂದ ಎಳೆದು ಕಟ್ಟಿರುತ್ತೇವೆ. ಪ್ರತಿ ದಾರಕ್ಕೂ ಟಪ್ ಟಪ್ ಎಂದು ಎರಡೇಟು. ಜೋರಾದರೆ ಹೂವೇ ಉದುರಿಹೋಗುತ್ತದೆ, ಮೆತ್ತಗಾದರೆ ಪರಾಗ ಕದಲುವುದಿಲ್ಲ. ಆ ಅಳತೆ ಅವಳ ಮಣಿಕಟ್ಟಿನಲ್ಲಿತ್ತು. ಸೇರಿದ ಹೊಸದರಲ್ಲಿ ನಾನೂ ಕಡ್ಡಿ ಇಸ್ಕೊಂಡು ಬಡಿದು ನೋಡಿದೆ. ಅರ್ಧ ಸಾಲು ಮುಗಿಯುವಷ್ಟರಲ್ಲಿ ನೆಲದ ತುಂಬ ಬಿಳಿ ಹೂವು.

"ಇದೇನ್ ರಾಗಿ ಬಡೀತಿದ್ದೀಯಾ ಮೇಡಮ್ಮು? ತೊಟ್ಲು ಮಗಾನ ತಟ್ಟಿ ಮಲಗಿಸ್ತಾರಲ್ಲ, ಅಂಗ್ ತಟ್ಟು" ಎಂದು ಕಡ್ಡಿ ಕಿತ್ತುಕೊಂಡಳು.

ಆ ಕಡ್ಡಿ ಅವಳಿಗೆ ಯಾಕೆ ಮುಖ್ಯ ಅನ್ನುವುದು ನನಗೆ ತಿಳಿದಿತ್ತು. ವರ್ಷಗಟ್ಟಲೆ ನಾಟಿ ಹಾಕಿ, ಕಬ್ಬು ಕಡಿದು ಅವಳ ಸೊಂಟ ಹೋಗಿತ್ತು. ಡಾಕ್ಟರು ಬಗ್ಗಬೇಡ ಎಂದಿದ್ದರು. ನಮ್ಮ ಕಡೆ ಹೆಣ್ಣಾಳಿಗೆ ಬಗ್ಗದೆ ಮಾಡುವ ಕೆಲಸ ಎಲ್ಲಿದೆ? ನಾಟಿ, ಕಳೆ, ಕೊಯ್ಲು, ಎಲ್ಲವೂ ಬಗ್ಗಿಯೇ. "ನಿಂತ್ಕಂಡ್ ಅನ್ನ ದುಡಿಯೋ ಅಂಗ್ ಮಾಡೈತೆ ಕಣವ್ವ ಈ ಕಡ್ಡಿ" ಎಂದು ಅವಳೇ ಒಮ್ಮೆ ಹೇಳಿದ್ದಳು. ಕೆಲಸ ಮುಗಿದ ಮೇಲೆ ಅದನ್ನು ಮೂಲೆಗೆ ಎಸೆಯುತ್ತಿರಲಿಲ್ಲ. ಒರೆಸಿ, ಬಾಗಿಲ ಪಕ್ಕದ ತಂತಿಗೆ ಸಿಕ್ಕಿಸಿ ಹೋಗುತ್ತಿದ್ದಳು.

ಬೆಳೆ ಬಜ್ಜಿ ಮೆಣಸಿನಕಾಯಿ. ಕೊಳ್ಳುವವರು ಮದ್ದೂರಿನ ಹೆದ್ದಾರಿ ಪಕ್ಕದ ಹೋಟೆಲಿನವರು, ಸಂಜೆ ಬಾಣಲೆ ಇಡುವ ಅಂಗಡಿಯವರು. ಅವರಿಗೆ ಕಾಯಿ ನೆಟ್ಟಗಿರಬೇಕು. ಸೀಳಿ, ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟರೆ ಸಲೀಸಾಗಿ ಮಗ್ಗಲು ತಿರುಗಬೇಕು. ನಮ್ಮ ಕಾಯಿಯೋ, ಅರ್ಧಕ್ಕರ್ಧ ಕುಡುಗೋಲಿನ ಹಾಗೆ ಬಾಗಿದ್ದವು. "ಇದ್ನ ಬಜ್ಜಿ ಮಾಡ್ಬೇಕಾ, ಕಬ್ಬು ಕುಯ್ಬೇಕಾ?" ಎಂದು ಒಬ್ಬ ಅಂಗಡಿಯವನು ಕ್ರೇಟನ್ನೇ ವಾಪಸ್ ಕಳಿಸಿದ. ತೋಟದ ಯಜಮಾನರು ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಆಸೆಪಟ್ಟು ಈ ನೆಟ್‌ಹೌಸ್ ಹಾಕಿಸಿದ್ದವರು. ಕ್ರೇಟನ್ನು ನನ್ನ ಮುಂದೆ ಇಟ್ಟು, "ಓದ್ಕಂಡ್ ಬಂದಿದ್ದೀಯಲ್ಲಮ್ಮ, ಇದಕ್ಕೊಂದು ದಾರಿ ನೋಡು" ಎಂದರು.

ಬಾಗಿದ ಕಾಯಿಗಳನ್ನು ಉದ್ದಕ್ಕೆ ಸೀಳಿ ನೋಡಿದೆ. ತೊಟ್ಟಿನ ಕಡೆ ಬೀಜ ಇದ್ದವು, ತುದಿ ಖಾಲಿ. ಇನ್ನು ಕೆಲವು ಕಾಯಿಯಲ್ಲಿ ಒಂದು ಮಗ್ಗುಲು ಬೀಜ, ಇನ್ನೊಂದು ಮಗ್ಗುಲು ಬರಿದು. ಬೀಜವಿಲ್ಲದ ಕಡೆ ಕಾಯಿ ಬೆಳೆಯುವುದಿಲ್ಲ, ಬೆಳೆದ ಕಡೆಯದು ಅದನ್ನು ಬಗ್ಗಿಸಿಬಿಡುತ್ತದೆ. ಅಂದರೆ ಪರಾಗ ಸಾಲದು. ಕಡ್ಡಿ ಏಟಿಗೆ ಉದುರುವಷ್ಟು ಸಾಲದು, ಹೂವಿನ ಸುತ್ತಲೂ ಸವರಿದ ಹಾಗೆ ಬೀಳಬೇಕು.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಬೆಳಕವಾಡಿಯಲ್ಲಿ ಅಪ್ಪ ಇನ್ನೊಬ್ಬರ ಗದ್ದೆಗೆ ನೀರು ಕಟ್ಟುತ್ತ ನನ್ನನ್ನು ಓದಿಸಿದ. ಆ ಜಂಬ ನನಗೆ ಇತ್ತು, ಈಗಲೂ ಇದೆ, ಸುಳ್ಳು ಹೇಳುವುದಿಲ್ಲ. ಕಾಲೇಜಿನಲ್ಲಿ ಓದಿದ್ದು ನೆನಪಾಯಿತು: ಮುಚ್ಚಿದ ಮನೆಯಲ್ಲಿ ನಸರಿ ಜೇನು ಬಿಟ್ಟು ನೋಡಬಹುದು. ನಮ್ಮೂರ ಗೋಡೆ ಸಂದಿಯಲ್ಲಿ, ಮರದ ಪೊಟರೆಯಲ್ಲಿ ಇರುವ ಸೊಳ್ಳೆ ಗಾತ್ರದ ಕಪ್ಪು ಜೇನು. ಕೆಲವರು ಮುಜಂಟಿ ಅನ್ನುತ್ತಾರೆ. ಅದಕ್ಕೆ ಕೊಂಡಿ ಇಲ್ಲ, ಕೆಲಸದವರಿಗೆ ಚುಚ್ಚುವ ಭಯವಿಲ್ಲ. ತುಂಬ ದೂರ ಹಾರುವುದಿಲ್ಲ. ಸಣ್ಣ ಹೂವಿನ ಮೇಲೆ ಕೂತು ಸುತ್ತು ಹಾಕುತ್ತದೆ. ನನಗೆ ಬೇಕಾಗಿದ್ದು ಆ ಸುತ್ತೇ.

ಹೊಳಲಿನ ಒಬ್ಬ ಗಾರೆ ಮೇಸ್ತ್ರಿಯ ಬಳಿ ನಸರಿ ಇದೆ ಎಂದು ಗೊತ್ತಾಯಿತು. ಹಳೆಯ ಮಣ್ಣಿನ ಗೋಡೆ ಕೆಡವುವಾಗ ಸಿಗುವ ನಸರಿ ಗೂಡನ್ನು ಬಿಡಿಸಿ ಮರದ ಪೆಟ್ಟಿಗೆಗೆ ತುಂಬಿ ಬದುಕಿಸುವುದು ಅವರ ಹವ್ಯಾಸ. ನಾನು ಹೋದಾಗ ಹಿತ್ತಿಲ ಗೋಡೆಯುದ್ದಕ್ಕೂ ಪೆಟ್ಟಿಗೆಗಳು.

"ಜೆಸಿಬಿಯವ್ರು ನೋಡಾಕಿಲ್ಲ ಕಣವ್ವ, ಗೋಡೆ ಜೊತ್ಗೆ ಮುದ್ದೆ ಮಾಡ್ಬುಡ್ತಾರೆ. ಅದ್ಕೇ ನಾನೇ ಮೊದ್ಲು ಓಗಿ ಗೋಡೆಗೆ ಕಿವಿ ಇಟ್ ಕೇಳ್ತೀನಿ" ಎಂದರು. ಪೆಟ್ಟಿಗೆಗೆ ದುಡ್ಡು ಬೇಡ ಎಂದರು. "ಚೆನ್ನಾಗ್ ಬೆಳ್ದು ಎರಡು ಪಾಲಾದ್ರೆ ಒಂದು ಪಾಲು ನಂಗೆ ತಂದ್ಕೊಡು. ಅಷ್ಟೇಯ." ಪಾಲಾದಾಗ ಬೇಕಾಗುತ್ತದೆ ಎಂದು ಖಾಲಿ ಪೆಟ್ಟಿಗೆಯೊಂದನ್ನೂ ಕೊಟ್ಟರು. ಪೆಟ್ಟಿಗೆಯ ಬಾಯಿಂದ ಚಾಚಿಕೊಂಡಿದ್ದ ಕಂದು ಬಣ್ಣದ ಕೊಳವೆ ತೋರಿಸಿ, "ಇದ್ನ ಮಾತ್ರ ಮುಟ್ಬ್ಯಾಡ. ಮರದ ಅಂಟು, ಮೇಣ ಕಲ್ಸಿ ಅವೇ ಕಟ್ಕಂಡಿರೋ ಬಾಗ್ಲು. ಅದ್ರ ವಾಸ್ನೆ ಇಡ್ಕಂಡೇ ಮನೆಗ್ ಬತ್ತವೆ. ಇರುವೆ ಬಂದ್ರೆ ಆ ಅಂಟ್ಗೆ ಕಾಲು ಸಿಕ್ಕಾಕತವೆ" ಎಂದರು.

ಇದನ್ನೆಲ್ಲ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅಕ್ಕನಿಗೆ ಹೇಳಲಿಲ್ಲ. ಅವಳಿಗೆ ಹೇಳಬೇಕು ಎಂದು ನನಗೆ ತೋಚಲೇ ಇಲ್ಲ.

ಪೆಟ್ಟಿಗೆಯನ್ನು ನೆಟ್‌ಹೌಸಿನ ನಡುವೆ ಎರಡು ಇಟ್ಟಿಗೆಯ ಮೇಲೆ ಇಟ್ಟು ಬೆಳಿಗ್ಗೆ ಬಾಯಿ ತೆಗೆದೆ. ಹೊರಬಿದ್ದ ನಸರಿಗಳು ಒಂದು ಹೂವನ್ನೂ ತಿರುಗಿ ನೋಡಲಿಲ್ಲ. ನೇರ ಸೂರ್ಯನ ಕಡೆ ಹಾರಿ, ಪೂರ್ವದ ಮೂಲೆಯ ಬಲೆಗೆ ಹೋಗಿ ಕವುಚಿಕೊಂಡವು. ಮಧ್ಯಾಹ್ನದ ಹೊತ್ತಿಗೆ ಆ ಮೂಲೆಯ ನೆಲದ ಮೇಲೆ ಎಳ್ಳು ಚೆಲ್ಲಿದ ಹಾಗೆ ಸತ್ತು ಬಿದ್ದಿದ್ದವು. ಮಾರನೆಯ ದಿನವೂ ಅಷ್ಟೇ. ಮೂರನೆಯ ದಿನ ನಾನು ಆ ಮೂಲೆಗೆ ಹೋಗಲು ಹೆದರಿದೆ.

ಅಕ್ಕ ಅಲ್ಲಿಯವರೆಗೆ ದೂರದಿಂದಲೇ ನೋಡುತ್ತಿದ್ದವಳು ಹತ್ತಿರ ಬಂದಳು. "ನೊಣ ತಂದು ಸಾಯಿಸ್ತಿದ್ದೀಯಲ್ಲಮ್ಮಿ. ಬಯಲು ಕಂಡ್ರೆ ಓಗ್ದೆ ಇರ್ತವಾ? ಆ ಮೂಲೆ ಮುಚ್ಚು." ಮನೆಯಿಂದ ಹಳೆಯ ಪಂಚೆ, ಹರಿದ ಸೀರೆ ತಂದಳು. ಇಬ್ಬರೂ ಸೇರಿ ಪೂರ್ವದ ಬಲೆಗೆ ಅಡ್ಡ ಕಟ್ಟಿದೆವು. ಮೇಸ್ತ್ರಿಗೆ ಫೋನು ಮಾಡಿದ್ದಕ್ಕೆ, ಎರಡು ದಿನ ಬಾಯಿ ಮುಚ್ಚಿಟ್ಟು ಬಿಸಿಲಿಳಿದ ಮೇಲೆ ತೆಗಿ ಎಂದರು. ಸ್ವಲ್ಪ ಹೊತ್ತು ಪೆಟ್ಟಿಗೆಯ ಸುತ್ತ ಹಾರಿ ಜಾಗ ಗುರುತು ಮಾಡಿಕೊಂಡು ಕತ್ತಲಾಗುವ ಮೊದಲು ಒಳಗೆ ಹೋಗುತ್ತವಂತೆ. ಹಾಗೇ ಮಾಡಿದೆವು. ಹೊರಗಿನ ಬಯಲು ಕಂಡಿದ್ದ ಹಳೆಯವು ಆಮೇಲೂ ಒಂದಿಷ್ಟು ಸತ್ತವು. ಪೆಟ್ಟಿಗೆಯ ಒಳಗೆ ಮರಿಯಾಗಿದ್ದು ಇಲ್ಲೇ ಮೊದಲ ಸಲ ಹಾರಿದವು ಬಲೆಯ ತಂಟೆಗೆ ಹೋಗಲಿಲ್ಲ. ಅವುಗಳಿಗೆ ಈ ಮನೆಯೇ ಊರು.

ಒಂದು ಬೆಳಿಗ್ಗೆ, ಒಂಬತ್ತು ದಾಟಿತ್ತು, ಬಗ್ಗಿದ ಹೂವೊಂದರ ಒಳಗೆ ಒಂದು ನಸರಿ ತಲೆಕೆಳಗಾಗಿ ನೇತಾಡಿಕೊಂಡು ಸುತ್ತು ಹಾಕುತ್ತಿತ್ತು. ಕಾಲಿಗೆಲ್ಲ ಬಿಳಿ ಪುಡಿ. ನಾನು ಉಸಿರು ಬಿಗಿಹಿಡಿದು ನಿಂತೆ. ಪಕ್ಕದ ಸಾಲಿನಿಂದ ಅಕ್ಕ ಕಡ್ಡಿ ಮೇಲೆತ್ತಿಕೊಂಡೇ ಬಂದು ನೋಡಿದಳು. "ನೋಡು, ನೋಡು, ಕಡ್ಲೆಕಾಯಿ ಬುಡ್ಸೋಳ್ ತರ ಎಂಗ್ ಕೆದಕ್ತದೆ! ನನ್ಗಿಂತ ಚುರುಕು ಕಣಮ್ಮಿ."

ನೆಟ್‌ಹೌಸನ್ನು ನಡುವೆ ಬಲೆ ಎಳೆದು ಎರಡು ಪಾಲು ಮಾಡಿದೆವು. ಒಂದು ಪಾಲು ನಸರಿಗೆ, ಇನ್ನೊಂದು ಅಕ್ಕನ ಕಡ್ಡಿಗೆ. ನಸರಿ ಮುಟ್ಟಿದ ಹೂವಿನ ತೊಟ್ಟಿಗೆ ಕೆಂಪು ದಾರ, ಕಡ್ಡಿಯ ಹೂವಿಗೆ ನೀಲಿ. ಯಾರೂ ಮುಟ್ಟಬಾರದ ಕೆಲವು ಮೊಗ್ಗಿಗೆ ತೆಳು ಬಟ್ಟೆಯ ಚೀಲ ಕಟ್ಟಿ ಬಿಳಿ ದಾರ. ದಾರ ಕಟ್ಟುವುದಕ್ಕೆ ಅಕ್ಕನೇ ಬರುತ್ತಿದ್ದಳು. "ಮೆಣ್ಸಿನ್ ಗಿಡಕ್ಕೆ ಕಾಶಿದಾರ ಕಟ್ತಾವ್ಳೆ ನಮ್ ಮೇಡಮ್ಮು" ಎಂದು ಬೇರೆ ಆಳುಗಳಿಗೆ ಹೇಳಿ ನಗಿಸುತ್ತಿದ್ದಳು.

ಮೆಣಸಿನ ಹೂವಿನಲ್ಲಿ ಮಕರಂದ ಕಮ್ಮಿ. ನಸರಿಗೆ ಅದೊಂದೇ ಸಾಲದು. ಹೂ ಬಿಟ್ಟ ತುಳಸಿ ಇದ್ದರೆ ಒಳ್ಳೆಯದು ಎಂದು ನಾನು ಅಕ್ಕನಿಗೆ ಹೇಳಿದೆ. ಅವಳು ಮನೆಯಿಂದ ದೊಡ್ಡ ತುಳಸಿ ಕುಂಡವನ್ನೇ ಸೈಕಲ್ ಮೇಲೆ ಇಡಿಸಿಕೊಂಡು ತಂದು ಪೆಟ್ಟಿಗೆಯ ಮುಂದೆ ಇಟ್ಟಳು. ಪೆಟ್ಟಿಗೆ ಏನು, ಕೊಳವೆ ಏನು ಎಂದು ಅವಳು ಕೇಳಿದಾಗ ನಾನು ಗಡಿಬಿಡಿಯಲ್ಲಿದ್ದೆ. "ಇದು ಅವುಗಳ ಮನೆ, ಇದು ಬಾಗಿಲು" ಎಂದಷ್ಟೇ ಹೇಳಿ ನೋಟ್‌ಬುಕ್ಕಿಗೆ ತಲೆ ಹಾಕಿದೆ.

ಅದೇ ವಾರ ಯಜಮಾನರು ಬಂದು ನಸರಿ ಸಾಲಿನ ಎಳೆಗಾಯಿಗಳನ್ನು ಮುಟ್ಟಿ ನೋಡಿದರು. ನೆಟ್ಟಗಿದ್ದವು. ಖುಷಿಯಾಗಿ, "ಇದು ಕೈ ಹತ್ತಿದರೆ ಆ ಕಡ್ಡಿ ಯಾಕಮ್ಮ ಇನ್ನು? ಒಂದು ಆಳು ಉಳೀತದೆ" ಎಂದರು. ನಾನು ನೋಟ್‌ಬುಕ್ಕಿನಲ್ಲಿ ಕಾಯಿಗಳ ಲೆಕ್ಕ ಬರೆದುಕೊಂಡೆ. ಆಚೆ ಪಾಲಿನಲ್ಲಿ ಟಪ್ ಟಪ್ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಆ ಸದ್ದು ನಿಂತದ್ದು ನನಗೆ ಕೇಳಿಸಿತು. ಕೇಳಿಸದವಳ ಹಾಗೆ ಇದ್ದುಬಿಟ್ಟೆ.

ಶುಕ್ರವಾರ ನಾನು ರಜೆ ಹಾಕಿ ಮಂಡ್ಯಕ್ಕೆ ಹೋದೆ. ಕಾಲೇಜಿನಲ್ಲಿ ಪದವಿ ಪ್ರಮಾಣಪತ್ರ ಕೊಡುತ್ತಿದ್ದರು. ಅಪ್ಪನೂ ಬಂದಿದ್ದ. ಪತ್ರವನ್ನು ಕೈಗೆ ಕೊಟ್ಟರೆ ಅಂಗೈ ಒರೆಸಿಕೊಂಡು ಅಂಚು ಮಾತ್ರ ಹಿಡಿದ. "ಇದ್ರಲ್ಲಿ ನನ್ ಎಸ್ರು ಎಲ್ಲೈತೆ ಮಗ?" ಎಂದ. ತೋರಿಸಿದೆ. ಬಸ್ಸಿನಲ್ಲಿ ಮಳವಳ್ಳಿ ಬರುವವರೆಗೂ ಆ ಜಾಗದ ಮೇಲೇ ಬೆರಳಿಟ್ಟುಕೊಂಡು ಕೂತಿದ್ದ. ಹಿಂದಿನ ದಿನ ಹೊರಡುವಾಗ ಅಕ್ಕನಿಗೆ ಹೇಳಿದ್ದೆ: "ನಾಳೆ ನಾನಿರಲ್ಲ. ಜೇನಿನ ಮನೆ ಚೆನ್ನಾಗಿ ನೋಡ್ಕೊ."

ಶನಿವಾರ ಎಲ್ಲರಿಗೂ ಹಂಚಲು ಸ್ವೀಟು ತೆಗೆದುಕೊಂಡು ಹೋದೆ. ಬಾಗಿಲು ತೆಗೆದು ಒಳಗೆ ನಾಲ್ಕು ಹೆಜ್ಜೆ ಇಟ್ಟವಳಿಗೆ ಮೊದಲು ಕಂಡದ್ದು ನೆಲದ ಮೇಲೆ ಹರಿಯುತ್ತಿದ್ದ ಕೆಂಪು ಗೆರೆ. ಸಣ್ಣ ಕೆಂಪಿರುವೆಯ ಸಾಲು. ಅದು ಇಟ್ಟಿಗೆ ಹತ್ತಿ ಪೆಟ್ಟಿಗೆಯ ಬಾಯೊಳಗೆ ಹೋಗುತ್ತಿತ್ತು. ಕೊಳವೆ ಇರಲಿಲ್ಲ. ಅದಿದ್ದ ಜಾಗ ನುಣ್ಣಗೆ ತೊಳೆದು, ಸುತ್ತ ಅರಿಶಿನ ಬಳಿದಿತ್ತು. ಪೆಟ್ಟಿಗೆಯ ಮುಂದೆ ನೆಲದ ಮೇಲೆ ಇರುವೆ ತಿಂದು ಅಳಿಸಿದ ಬಿಳಿ ಚುಕ್ಕಿಗಳು. ಮುಚ್ಚಳ ಎತ್ತಿದೆ. ಪರಾಗ, ಜೇನುತುಪ್ಪ ತುಂಬಿಟ್ಟಿದ್ದ ಮೇಣದ ಗುಡಾಣಗಳು ಒಡೆದು ಅಂಟಂಟಾಗಿ ಹರಿದಿದ್ದವು, ಅದರ ತುಂಬ ಇರುವೆ. ಉಳಿದ ನಸರಿಗಳು ಮರಿಗಳ ಗೊಂಚಲಿನ ಮೇಲೆ ಮುತ್ತಿಕೊಂಡು ಕೂತಿದ್ದವು. ಹಾರುತ್ತಿರಲಿಲ್ಲ.

ಅಕ್ಕ ಆಗ ತಾನೇ ಬಂದು ಕಡ್ಡಿ ಕೈಗೆ ತೆಗೆದುಕೊಂಡಿದ್ದಳು. ನಾನು ಅವಳ ಮೇಲೆ ಹಾರಿಬಿದ್ದೆ. ಕಾಲೇಜಿನಲ್ಲಿ ಕಲಿತ ಮಾತೆಲ್ಲ ಮರೆತುಹೋಗಿ ಬೆಳಕವಾಡಿ ಮಾತೇ ಬಂತು.

"ಬೇಕಂತ್ಲೇ ಮಾಡಿದ್ದೀಯ ಅಲ್ವಾ? ಅವು ಇದ್ರೆ ನಿನ್ ಕೆಲ್ಸ ಓಯ್ತದೆ ಅಂತ?"

"ಏನಂದೆ?"

"ಯಜಮಾನ್ರು ಅಂದಿದ್ದು ಕೇಳಿಸ್ಕಂಡಿದ್ದೀಯ. ಅದ್ಕೇ ಕಿತ್ತಾಕಿದ್ದೀಯ."

ಅವಳು ಪೆಟ್ಟಿಗೆಯ ಕಡೆ ನೋಡಿದಳು, ಇರುವೆ ಸಾಲು ನೋಡಿದಳು. ಮುಖ ಬಿಳಿಚಿಕೊಂಡಿತು. ಕಡ್ಡಿಯನ್ನು ಸೆರಗಿನಿಂದ ಒರೆಸಿ ತಂತಿಗೆ ಸಿಕ್ಕಿಸಿದಳು. "ನಾನು ಆಳು ಕಣವ್ವ. ಅಂತೋಳಲ್ಲ" ಎಂದಷ್ಟೇ ಹೇಳಿ ಹೊರಟುಹೋದಳು.

ನಾನು ಕೂತು ಇರುವೆ ಒರೆಸಲು ತೊಡಗಿದೆ. ಒದ್ದೆ ಬಟ್ಟೆ ಹಿಡಿದು ನೆಲಕ್ಕೆ ಬಗ್ಗಿದಾಗ ತುಳಸಿ ಕುಂಡದ ಬುಡ ಕಣ್ಣಿಗೆ ಬಿತ್ತು. ಅಲ್ಲಿ ಎರಡು ಚೆಂಡು ಹೂವು ಇದ್ದವು, ಒಂದು ಚಿಟಿಕೆ ಕುಂಕುಮ ಇತ್ತು, ಅದರ ಪಕ್ಕ ಒಂದು ತುಳಸಿ ಎಲೆಯ ಮೇಲೆ ಕಂದು ಬಣ್ಣದ ಚೂರುಗಳು. ಕೊಳವೆ! ಅವಳು ಅದನ್ನು ಎಸೆದಿರಲಿಲ್ಲ. ನಮ್ಮ ಮನೆಗಳಲ್ಲಿ ದೇವರ ಮೇಲಿಂದ ತೆಗೆದ ಹೂವನ್ನು ಯಾರೂ ತುಳಿಯಬಾರದೆಂದು ತುಳಸಿ ಬುಡಕ್ಕೆ ಹಾಕುತ್ತೇವಲ್ಲ, ಹಾಗೆ ಎತ್ತಿಟ್ಟಿದ್ದಳು.

ಆಗ ಎಲ್ಲ ತಿಳಿಯಿತು. ಮನೆ ಎಂದೆ, ಬಾಗಿಲು ಎಂದೆ, ಮುಂದೆ ತುಳಸಿ ಇಡಿಸಿದೆ, ಚೆನ್ನಾಗಿ ನೋಡಿಕೋ ಎಂದೆ. ಶುಕ್ರವಾರ ಮನೆ ನೋಡಿಕೊಳ್ಳುವುದು ಅಂದರೆ ಏನು ಅಂತ ನಮ್ಮ ಹೆಂಗಸರಿಗೆ ಯಾರಾದರೂ ಹೇಳಿಕೊಡಬೇಕೆ? ಹೊಸ್ತಿಲ ಮೇಲಿನ ಜಿಗುಟು ಕೆರೆದು ತೊಳೆದಿದ್ದಳು, ಅರಿಶಿನ ಹಚ್ಚಿದ್ದಳು, ಅಕ್ಕಿ ಹಿಟ್ಟಿನಲ್ಲಿ ರಂಗೋಲಿ ಇಟ್ಟಿದ್ದಳು. ಹಿಟ್ಟು ಇರುವೆಯನ್ನು ಕರೆಯಿತು. ಅದನ್ನು ತಡೆಯಬೇಕಿದ್ದ ಅಂಟಿನ ಬಾಗಿಲು ಅಲ್ಲಿರಲಿಲ್ಲ.

ಕುಂಡದ ಪಕ್ಕದ ಹಸಿ ಮಣ್ಣಿನಲ್ಲಿ ಒಂದು ಅಂಗೈಯ ಗುರುತಿತ್ತು. ಮೈಭಾರವನ್ನೆಲ್ಲ ಬಿಟ್ಟು ಊರಿದ್ದ ಗುರುತು, ಐದು ಬೆರಳೂ ಆಳಕ್ಕೆ ಇಳಿದಿದ್ದವು. ನಾನು ಪೆಟ್ಟಿಗೆ ಇಟ್ಟಿದ್ದು ಎರಡು ಇಟ್ಟಿಗೆಯ ಮೇಲೆ, ಮೊಣಕಾಲಿಗಿಂತ ಕೆಳಗೆ. ಬಗ್ಗಬಾರದ ಹೆಂಗಸು ನೆಲಕ್ಕೆ ಕೈಯೂರಿ, ಬಗ್ಗಿ, ಆ ಹೊಸ್ತಿಲು ತೊಳೆದಿದ್ದಳು.

ಸ್ಕೂಟರಿನ ಸದ್ದಾಯಿತು. ಯಜಮಾನರು ಒಳಗೆ ಬಂದು ಪೆಟ್ಟಿಗೆ ನೋಡಿ, "ಯಾರಮ್ಮ ಮಾಡಿದ್ದು ಇದು?" ಎಂದರು. ಅರಿಶಿನ ಕಂಡು ಅವರಿಗೂ ಅನುಮಾನ ಬಂದಿತ್ತು. "ಕಡ್ಡಿಯವಳು ಮಾಡಿದ್ಲಾ?"

ಹೌದು ಎಂದರೆ ಅಕ್ಕನ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ನನ್ನ ನೋಟ್‌ಬುಕ್ಕಿಗೆ ಏನೂ ಆಗುತ್ತಿರಲಿಲ್ಲ.

"ತಪ್ಪು ನನ್ನದು ಸರ್" ಎಂದೆ. "ಇರುವೆ ಬರೋ ಜಾಗದಲ್ಲಿ ನೆಲಕ್ಕೆ ಇಟ್ಟವಳು ನಾನು. ಇಟ್ಟಿಗೆ ಸುತ್ತ ನೀರು ನಿಲ್ಲಿಸಲಿಲ್ಲ. ಕೊಳವೆ ಮುಟ್ಟಬಾರದು ಅಂತ ನನಗೆ ಗೊತ್ತಿತ್ತು, ಅಕ್ಕನಿಗೆ ಹೇಳಲಿಲ್ಲ. ಅವರು ಪೂಜೆ ಮಾಡಿದ್ದಾರೆ, ಹಾಳು ಮಾಡಿಲ್ಲ."

ಅವರು ಪೆಟ್ಟಿಗೆಯೊಳಗೆ ಇಣುಕಿದರು. "ಉಳೀತವಾ?"

"ಗೊತ್ತಿಲ್ಲ. ಇವತ್ತು ಸಂಜೆ ನೋಡಬೇಕು."

"ಉಳೀದಿದ್ರೆ ಬಿಡು, ಕಡ್ಡೀಲೇ ನಡೀಲಿ" ಎಂದು ಹೊರಟರು.

ಮೇಸ್ತ್ರಿಗೆ ಫೋನು ಮಾಡಿದೆ. ಬೈಯಲಿಲ್ಲ. ಮೊದಲು ಕೇಳಿದ್ದು, "ಹಳೇ ಅಂಟು ಐತಾ? ಬಿಸಾಕ್ಬುಟ್ಟವ್ರಾ?" ಇದೆ ಎಂದೆ. "ಅಂಗಾದ್ರೆ ಜೀವ ಐತೆ ಕಣವ್ವ. ಖಾಲಿ ಪೆಟ್ಗೆ ತಗಾ. ರಾಣಿ, ಮರಿ ಗೊಂಚ್ಲು ಮಾತ್ರ ಅದ್ಕೆ ಇಡು, ಒಡೆದ್ ತುಪ್ಪ ಒಂದ್ ತೊಟ್ಟೂ ಬ್ಯಾಡ. ಬಾಯ್ಗೆ ಆ ಅಂಟು ಮೆತ್ತು. ಅದ್ರ ವಾಸ್ನೆಗೆ ಚದುರಿರೋವೂ ಬತ್ತವೆ. ಒಬ್ಳೇ ಮಾಡ್ಬ್ಯಾಡ, ಕೈ ನಡುಗ್ದೆ ಇರೋರ್ನ ಜೊತ್ಗೆ ಕರ್ಕೊ."

ಕೈ ನಡುಗದವರು ನನಗೆ ಒಬ್ಬರೇ ಗೊತ್ತಿದ್ದರು.

ಅಕ್ಕ ತನ್ನ ಮನೆಯ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ. ಬಾ ಅನ್ನಲೂ ಇಲ್ಲ. ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತು ಮೊರಕ್ಕೆ ಕೈ ಹಾಕಿ ಕಾಯಿ ಸುಲಿಯತೊಡಗಿದೆ. ಮೊರ ಅರ್ಧ ಖಾಲಿಯಾಯಿತು.

"ಉಳ ಇರೋದ್ನೂ ಆಕ್ತಿದ್ದೀಯ. ಕಣ್ಣು ಕಾಣಾಕಿಲ್ವಾ?" ಎಂದಳು ಕೊನೆಗೆ.

"ಕಾಣ್ಲಿಲ್ಲ ಅಕ್ಕ. ಬೆಳಿಗ್ಗೆ ಏನೂ ಕಾಣ್ಲಿಲ್ಲ. ತಪ್ಪಾಯ್ತು."

ಅವಳು ಸಿಪ್ಪೆಯನ್ನು ಮಡಿಲಿನಿಂದ ಕೊಡವಿದಳು. "ನಿನ್ನೆ ಬಾಗ್ಲೆಲ್ಲ ಕಸ ಮೆತ್ಕಂಡಿತ್ತು. ಸುಕ್ರವಾರ, ಒಸ್ಲು ಅಂಗೇ ಬುಡಾದಾ ಅಂತ ತೊಳ್ದೆ. ಕೆಟ್ಟದಾಗ್ತದೆ ಅಂತ ನಂಗೇನ್ ಗೊತ್ತು? ನೀನಾದ್ರೂ ಒಂದ್ ಮಾತು ಏಳ್ಬಾರ್ದಾ?"

"ಹೇಳ್ಬೇಕಿತ್ತು. ನಿಂಗೆ ಹೇಳೋದು ಏನಿದೆ ಅಂದ್ಕೊಂಡೆ."

ಅದು ನನ್ನ ಬಾಯಿಂದ ಹೇಗೆ ಬಂತೋ. ಅದಕ್ಕಿಂತ ನಿಜವಾದ ಮಾತನ್ನು ಆ ಇಡೀ ದಿನ ನಾನು ಆಡಿರಲಿಲ್ಲ. ಅವಳು ನನ್ನ ಮುಖ ನೋಡಿದಳು. ಆಮೇಲೆ ಕೇಳಿದಳು, "ಸತ್ತೋದ್ವಾ ಎಲ್ಲ?"

"ಇನ್ನೂ ಅರ್ಧ ಇವೆ. ಸಂಜೆ ಬೇರೆ ಪೆಟ್ಟಿಗೆಗೆ ಹಾಕ್ಬೇಕು. ನನ್ನ ಕೈ ನಡುಗ್ತದೆ."

ಅಕ್ಕ ಮೊರ ಎತ್ತಿ ಒಳಗಿಟ್ಟು ಬಂದಳು. ಚಪ್ಪಲಿ ಮೆಟ್ಟುತ್ತ ಹೇಳಿದಳು, "ಅವು ಸತ್ರೆ ನನ್ ಕೆಲ್ಸ ಉಳೀತದೆ. ಅಷ್ಟು ತಿಳೀದೆ ಇರೋಳಲ್ಲ ನಾನು. ಅದ್ಕೇಂತ ಅರಿಸ್ನ ಇಟ್ಟ ಬಾಗ್ಲು ಮುಚ್ಚೋಗದಾ? ನಡಿ, ನಡಿ."

ಬಿಸಿಲಿಳಿದ ಮೇಲೆ ಶುರು ಮಾಡಿದೆವು. ಪೆಟ್ಟಿಗೆಯನ್ನು ಎತ್ತಿ ಮೇಜಿನ ಮೇಲಿಟ್ಟೆ. ಫೋನಿನಲ್ಲಿ ಮೇಸ್ತ್ರಿ ಒಂದೊಂದೇ ಹೇಳುತ್ತಿದ್ದರು. ನಾನು ಚಿತ್ರ ಬಿಡಿಸುವ ಕುಂಚದಿಂದ ಇರುವೆಗಳನ್ನು ಗುಡಿಸಿ ನೀರಿನ ಬಟ್ಟಲಿಗೆ ಹಾಕುತ್ತ ಹೋದೆ. ಅಕ್ಕ ಹೂ ಕಟ್ಟುವ ಬೆರಳುಗಳಲ್ಲಿ ಮರಿಗಳ ಗೊಂಚಲನ್ನು ಬುಡದಿಂದ ಬಿಡಿಸಿದಳು. ಹೆಸರುಕಾಳಿನ ಗೊಂಚಲಿನ ಹಾಗೆ ಮುದ್ದಾದ ಮೇಣದ ಗೂಡುಗಳು, ಒಂದೂ ಒಡೆಯಲಿಲ್ಲ. ರಾಣಿ ಸಿಗಲಿಲ್ಲ. ರಾಣಿ ಇಲ್ಲದಿದ್ದರೆ ಏನು ಮಾಡಿಯೂ ಪ್ರಯೋಜನವಿಲ್ಲ. ನಾನು ಪುಸ್ತಕದ ಚಿತ್ರ ನೆನಪಿಸಿಕೊಳ್ಳುತ್ತ ಹುಡುಕುತ್ತಲೇ ಇದ್ದೆ.

"ಇಲ್ನೋಡು, ಒಟ್ಟೆ ಬಿಟ್ಕಂಡು ಓಡಾಡಾಕ್ ಆಗ್ದೆ ಕುಂತವ್ಳೆ ಬಸ್ರಿ" ಎಂದಳು ಅಕ್ಕ. ಪೆಟ್ಟಿಗೆಯ ಮೂಲೆಯಲ್ಲಿ, ಮೇಣದ ಎರಡು ಪದರದ ನಡುವೆ. ನಾನು ಮೂರು ಸಲ ನೋಡಿ ಬಿಟ್ಟಿದ್ದ ಜಾಗ.

ಫೋನಿನಲ್ಲಿ ಮೇಸ್ತ್ರಿ ನಕ್ಕರು. "ಯಾರವ್ವ ಅದು, ನಂಗೆ ಆಳು ಬೇಕಿತ್ತು, ಕಳ್ಸು ನಮ್ಮೂರ್ಗೆ."

"ಬಂದೇನು, ಮುದ್ದೆ ಆಕ್ತೀಯಾ?" ಎಂದಳು ಅಕ್ಕ.

ತುಳಸಿ ಬುಡದ ಚೂರುಗಳನ್ನು ಅವಳೇ ಆಯ್ದು ತಂದು, ಅಂಗೈಯ ಬಿಸಿಗೆ ಮೆತ್ತಗೆ ಮಾಡಿ ಹೊಸ ಪೆಟ್ಟಿಗೆಯ ಬಾಯಿ ಸುತ್ತ ಮೆತ್ತಿದಳು. ಸೋತು ಬಲೆಗೆ ಅಂಟಿಕೊಂಡಿದ್ದ ಕೆಲವು ನಸರಿಗಳು ಬೆಳಕಿರುವಾಗಲೇ ಅದರ ಸುತ್ತ ಸುಳಿದಾಡಿದವು. ಮೊದಲನೆಯದು ಇಳಿದು, ಅಂಟು ಮೂಸಿ, ಒಳಗೆ ಹೋಯಿತು. ಆಮೇಲೆ ಎರಡು. ಆಮೇಲೆ ನಾವು ಎಣಿಸುವುದನ್ನು ಬಿಟ್ಟೆವು.

ಮಾರನೆಯ ದಿನ ಕಬ್ಬಿಣದ ಪೈಪಿಗೆ ಬೆಸುಗೆ ಹಾಕಿಸಿ ಒಂದು ಸ್ಟ್ಯಾಂಡು ಮಾಡಿಸಿದೆ. ನಾಲ್ಕು ಕಾಲಿಗೂ ಎಣ್ಣೆ ಹನಿಸಿದ ನೀರಿನ ಡಬ್ಬಿ. ಬೆಸುಗೆಯವನು ಎತ್ತರ ಎಷ್ಟು ಎಂದು ಕೇಳಿದಾಗ ನಾನು ಪುಸ್ತಕ ನೋಡಲಿಲ್ಲ. ಅಕ್ಕನನ್ನು ಕರೆದು ನಿಲ್ಲಿಸಿ, ಅವಳ ಎದೆಯ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟೆ. ನೋಟ್‌ಬುಕ್ಕನ್ನೂ ತೆಗೆದು ಮೇಸ್ತ್ರಿ ಹೇಳಿದ್ದನ್ನೆಲ್ಲ ಅವಳಿಗೆ ಓದಿ ಹೇಳಿದೆ. ಅವಳು ಕೇಳಿದ ಪ್ರಶ್ನೆಗಳಲ್ಲಿ ಮೂರಕ್ಕೆ ನನಗೆ ಉತ್ತರ ಗೊತ್ತಿರಲಿಲ್ಲ. ಅಂಟು ಎಲ್ಲಿಂದ ತರುತ್ತವೆ, ಬಲೆಯೊಳಗೆ ಮರವೇ ಇಲ್ಲವಲ್ಲ, ಎಂದದ್ದು ಅವುಗಳಲ್ಲಿ ಒಂದು. ಮಾರನೆಯ ದಿನ ತಾನೇ ಒಂದು ಹಲಸಿನ ಕೊಂಬೆಗೆ ಕಚ್ಚು ಹಾಕಿ, ಸೋರಿದ ಅಂಟನ್ನು ಚಿಪ್ಪಿನಲ್ಲಿ ತಂದಿಟ್ಟಳು. ನಸರಿಗಳು ಅದಕ್ಕೆ ಮುತ್ತಿದವು.

ಕಾಯಿ ಕೊಯ್ಲಿಗೆ ಬಂದ ದಿನ ಯಜಮಾನರ ಮುಂದೆ ಕೆಂಪು ದಾರದವು, ನೀಲಿ ದಾರದವು, ಬಿಳಿ ದಾರದವು ಬೇರೆ ಬೇರೆ ಇಟ್ಟು ಸೀಳಿದೆ. ಬಟ್ಟೆ ಕಟ್ಟಿದ ಮೊಗ್ಗುಗಳಲ್ಲಿ ಕಾಯಿಯಾದವೇ ಕೆಲವು, ಆದವೂ ಮುರುಟಿದ್ದವು. ಕಡ್ಡಿಯವು ಪರವಾಗಿಲ್ಲ, ತುದಿ ಮಾತ್ರ ಖಾಲಿ. ಇರುವೆ ಹೊಕ್ಕ ವಾರ ಬಿಟ್ಟರೆ ನಸರಿಯವು ತೊಟ್ಟಿನಿಂದ ತುದಿಯವರೆಗೆ ಬೀಜ ತುಂಬಿ ಅಡಿಕೋಲಿನ ಹಾಗೆ ನೆಟ್ಟಗಿದ್ದವು. ಅಕ್ಕ ನನ್ನ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಸುಳ್ಳು ಹೇಳುವ ಹಾಗಿರಲಿಲ್ಲ, ಹೇಳಬೇಕು ಎಂದೂ ಅನ್ನಿಸಲಿಲ್ಲ.

"ನಸರಿ ಗೆದ್ದಿದೆ ಸರ್. ಇನ್ನರ್ಧ ಮನೆಗೂ ಪೆಟ್ಟಿಗೆ ಬೇಕು. ಆದರೆ ಒಂದು ಮಾತು. ನಾನು ಐದು ಗಂಟೆ ಬಸ್ಸಿಗೆ ಹೋಗುವವಳು. ದಿನಾ ಡಬ್ಬಿಗೆ ನೀರು ನೋಡಬೇಕು, ಅಂಟು ಇಡಬೇಕು, ಔಷಧಿ ಹೊಡೆಯುವ ಹಿಂದಿನ ಸಂಜೆ ಬಾಯಿ ಮುಚ್ಚಬೇಕು. ಮೋಡ ಕವಿದು ಚಳಿಯಾದ ದಿನ ಅವು ಹೊರಗೇ ಬರಲ್ಲ, ಅವತ್ತು ಕಡ್ಡಿನೇ ಬೇಕು. ಇದನ್ನೆಲ್ಲ ಅಕ್ಕ ಮಾಡ್ತಾರೆ ಅಂದ್ರೆ ಪೆಟ್ಟಿಗೆ ತರಿಸೋಣ. ಇಲ್ಲಾಂದ್ರೆ ನಾನು ಈ ಜೀವಗಳನ್ನ ತಂದು ಸಾಯಿಸೋಳಲ್ಲ."

ಯಜಮಾನರು ಒಂದು ನೆಟ್ಟನೆಯ ಕಾಯಿಯನ್ನು ಕೈಯಲ್ಲಿ ತಿರುಗಿಸುತ್ತ ಅಕ್ಕನ ಕಡೆ ನೋಡಿದರು. "ಏನವ್ವ, ನೋಡ್ಕೊಳ್ತೀಯಾ?"

"ಇಷ್ಟು ದಿನ ಇನ್ನೇನ್ ಮಾಡ್ತಿದ್ದೆ?" ಎಂದಳು ಅಕ್ಕ.

ಅವರು ನಕ್ಕುಬಿಟ್ಟರು. "ಸರಿ, ತರ್ಸಮ್ಮ" ಎಂದು ನನಗೆ ಹೇಳಿ, ಆ ಕಾಯಿಯನ್ನು ಜೇಬಿಗೆ ಹಾಕಿಕೊಂಡು ಹೋದರು.

ಮುಂದಿನ ಶುಕ್ರವಾರ ನಾನು ಬೇಗ ಹೋಗಿದ್ದೆ. ನೆಟ್‌ಹೌಸಿನ ಹೊರಬಾಗಿಲಲ್ಲಿ ನೀರು ಹಾಕಿ, ರಂಗೋಲಿ ಪುಡಿಯಲ್ಲಿ ಚಿಕ್ಕದೊಂದು ರಂಗೋಲಿ ಇಟ್ಟಿತ್ತು. ಅಕ್ಕಿ ಹಿಟ್ಟಲ್ಲ, ಕಲ್ಲಿನ ಪುಡಿ. ಒಳಗೆ ಅಕ್ಕ ಸ್ಟ್ಯಾಂಡಿನ ಮುಂದೆ ನೆಟ್ಟಗೆ ನಿಂತಿದ್ದಳು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. ಹೊಸ ಪೆಟ್ಟಿಗೆಯ ಬಾಯಿಂದ ಕಿರುಬೆರಳಿನ ಉಗುರಿನಷ್ಟು ಹೊಸ ಕೊಳವೆ ಹೊರಬಂದಿತ್ತು. ಹಲಸಿನ ಅಂಟಿನ ಹೊಳಪು, ಅಂಚಿನಲ್ಲಿ ನಾಲ್ಕೈದು ನಸರಿ ಕಾವಲು. ನಾನು ಬಂದದ್ದು ಅವಳಿಗೆ ತಿಳಿಯಲಿಲ್ಲ. ಅವಳು ಮಾತಾಡುತ್ತಿದ್ದುದು ಅವುಗಳ ಜೊತೆ.

"ನಿಮ್ ಒಸ್ಲು ನೀವೇ ಕಟ್ಕಳ್ರವ್ವ. ನಾನು ಮುಟ್ಟಾಕಿಲ್ಲ. ಸುಮ್ಕೆ ನಿಂತ್ಕಂಡು ನೋಡ್ತೀನಿ, ಅಷ್ಟೇಯ."